ಜ್ವರದಲ್ಲೂ ಹಸಿರು ಚುಕ್ಕಿ

ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಪರೀಕ್ಷಿಸುವ ಸಣ್ಣ ಕಂಪನಿಯೊಂದಕ್ಕೆ ನಾನು ಸೇರಿ ಐದನೇ ತಿಂಗಳು ನಡೆಯುತ್ತಿತ್ತು. ಆರು ತಿಂಗಳ ಪ್ರೋಬೆತ್ಸೈಟ್, ಅಂದರೆ ಅವರು ನಮ್ಮನ್ನು ತೂಗಿ ನೋಡುವ ಅವಧಿ, ದಾಟಿದರೆ ನೌಕರಿ ಕಾಯಂ. ಕಾಯಂ ಆಗದವರಿಗೆ ಇಲ್ಲಿ ಮನೆ ಬಾಡಿಗೆಗೆ ಕೊಡುವವರೇ ಇಲ್ಲ. ಮನೆ ಸಿಗುವ ತನಕ ಹುಬ್ಬಳ್ಳಿಯಲ್ಲಿದ್ದ ಗಂಡನನ್ನೂ ಮಗಳನ್ನೂ ಕರೆಸುವಂತಿರಲಿಲ್ಲ. ಮಗಳು ಆಗಷ್ಟೇ ಶಾಲೆ ಸೇರಿ ಒಂದನೇ ಇಯತ್ತೆಗೆ ಹೋಗುತ್ತಿದ್ದಳು.

ವಾರದಲ್ಲಿ ಎರಡು ದಿನ ಆಫೀಸು, ಉಳಿದದ್ದು ಮನೆಯಿಂದ. ಮನೆಯೇನು ಬಂತು, ಒಂದು ಕೋಣೆ, ಮಂಚಕ್ಕೆ ಅಂಟಿದ ಮೇಜು. ಕೆಮ್ಮು, ಜ್ವರ ಹತ್ತಿದಾಗ ಗಂಡನಿಗೆ ಫೋನ್ ಮಾಡಿದೆ.

"ರಜಾ ಗಿಜಾ ಹಾಕಬ್ಯಾಡ ಮತ್ತ! ಕಾಯಂ ಆಗೂದ್ರಾಗ ಐತಿ. ಮನ್ಯಾಗ ಕುಂತ ಮಾಡೂದೈತಲ್ಲ, ಏನಾಗತೈತಿ?" ಎಂದರು.

ನನಗೂ ಅದೇ ಸರಿ ಅನ್ನಿಸಿತು. ನಮ್ಮ ಕಡೆ ಜ್ವರದಲ್ಲೂ ಕೆಲಸಕ್ಕೆ ಬಂದವರನ್ನು ಸಾಹೇಬರು ನಾಲ್ಕು ಜನರೆದುರು ಹೊಗಳುತ್ತಾರೆ. ಲ್ಯಾಪ್‌ಟಾಪನ್ನು ಹಾಸಿಗೆಗೇ ಎಳೆದುಕೊಂಡೆ. ಹೆಸರಿನ ಪಕ್ಕ, ನಾನು ಕೆಲಸದಲ್ಲಿದ್ದೇನೆಂದು ಆಫೀಸಿಗೆ ತೋರಿಸುವ ಹಸಿರು ಚುಕ್ಕಿ ಆರಿಹೋಗದಂತೆ ಮಂಪರಿನಲ್ಲೂ ಮೌಸ್ ಅಲ್ಲಾಡಿಸುತ್ತಿದ್ದೆ. ಆಫೀಸಿಗೆ ಹೋಗಬೇಕಾದ ದಿನ, ಹೀಟರ್ ರಿಪೇರಿಯವರು ಬರುತ್ತಾರೆಂದು ನೆಪ ಹೇಳಿದೆ. ಸೋಮವಾರಕ್ಕೊಮ್ಮೆ ಪರದೆಯ ಮೇಲೆ ನಗುವ ಮುಖವನ್ನೋ ಅಳುವ ಮುಖವನ್ನೋ ಒತ್ತಿ 'ನಾನು ಹೇಗಿದ್ದೇನೆ' ಎಂದು ಕಂಪನಿಗೆ ತಿಳಿಸಬೇಕು. ನಮ್ಮ ನೆಮ್ಮದಿಗಂತೆ, ಸುಡುಗಾಡು ನೆಮ್ಮದಿ! ಮೈ ಕಾದ ಹಂಚಾಗಿದ್ದರೂ ನಗುವ ಮುಖವನ್ನೇ ಒತ್ತಿದೆ.

ಕೊನೆಗೆ ಉಸಿರಾಡುವುದೇ ಕಷ್ಟವಾಗಿ ಡಾಕ್ಟರ ಹತ್ತಿರ ಹೋದೆ. ನ್ಯುಮೋನಿಯಾ ಎಂದರು. ಕ್ರಾಂಕ್‌ಶ್ರೈಬುಂಗ್, ಅಂದರೆ ಕಾಯಿಲೆಯ ಸರ್ಟಿಫಿಕೇಟು, ಕೊಡಲು ಹೊರಟಾಗ ಬೇಡವೇ ಬೇಡವೆಂದು ಅಂಗಲಾಚಿದೆ. ಡಾಕ್ಟರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಗುಳಿಗೆ ನುಂಗುತ್ತಾ ಕೆಲಸ ಮುಂದುವರಿಸಿದೆ. ನಾನು ಬರೆದ ಸಾಫ್ಟ್‌ವೇರ್ ಟೆಸ್ಟ್ ರಿಪೋರ್ಟುಗಳು ಒಂದರ ಹಿಂದೊಂದು ತಪ್ಪಾದವು.

ಅವಧಿ ಮುಗಿಯುವ ಮುಂಚೆ ಮೇಲಧಿಕಾರಿ ಕರೆದಳು. ನೀರು ಕೊಟ್ಟು ಮೆತ್ತಗೆ ಹೇಳಿದಳು: "ನೀವು ದಿನವಿಡೀ ಆನ್‌ಲೈನ್ ಇದ್ದಿರಿ, ಆದರೂ ಕೆಲಸ ಕೆಟ್ಟಿತು. ನಿಮ್ಮನ್ನು ಮುಂದುವರಿಸಲು ಆಗುವುದಿಲ್ಲ."

"ನನಗೆ ನ್ಯುಮೋನಿಯಾ ಆಗಿತ್ತು" ಎಂದೆ.

"ಕಾಯಿಲೆಯಾದವರು ಕೆಲಸ ಮಾಡುವುದಿಲ್ಲವಲ್ಲ! ಹೇಳಿದ್ದರೆ ನಾವೇ ಮಲಗಿ ಎನ್ನುತ್ತಿದ್ದೆವು. ಈಗ ಹೇಳಿದರೆ ನಾನೇನು ಮಾಡಲಿ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಾಗಿಲವರೆಗೂ ಬಂದು ಆರೋಗ್ಯ ನೋಡಿಕೊಳ್ಳಿ ಎಂದಳು.

ಕೋಣೆಗೆ ಬಂದು ಗಂಡನಿಗೆ ತಿಳಿಸಿದೆ.

"ಅಲ್ಲಾ, ಮೊದಲ ಹೇಳಬೇಕಿಲ್ಲೇನ ಅವರಿಗೆ? ಅಷ್ಟೂ ತಿಳೀಲಿಲ್ಲ?"

ಮೈಯೆಲ್ಲ ಉರಿದುಹೋಯಿತು. "ರಜಾ ಹಾಕಬ್ಯಾಡ ಅಂದವರು ಯಾರ್ರೀ? ನೀವಲ್ಲೇನ್ರಿ?" ಎಂದು ಚೀರಿದೆ.

ಅವರು ಮೆಲ್ಲಗೆ ಫೋನನ್ನು ಮಗಳ ಕೈಗೆ ದಾಟಿಸಿದರು. ಅವಳ ಗಂಟಲು ಕಟ್ಟಿತ್ತು.

"ದನಿ ಯಾಕ ಹಿಂಗಾಗೈತಿ, ಪುಟ್ಟಿ?"

"ಜ್ವರ ಬಂದಿತ್ತು. ನಿನ್ನ ಕೆಲಸ ಕೆಡತೈತಿ, ನಿನಗ ಹೇಳಬ್ಯಾಡ ಅಂದ್ರು ಅಪ್ಪ. ನಾ ಅಳಲೇ ಇಲ್ಲ ಅವ್ವಾ. ಜ್ವರದಾಗ ಸಾಲಿಗೂ ಹೋದೆ."

'ಶಾಣ್ಯಾಕಿ, ಜಾಣಿ ನನ್ನ ಮಗಳು' ಎಂದು ಹೊಗಳಲು ನನಗೆ ಬಾಯಿ ಬರಲಿಲ್ಲ.