ಅರ್ಧ ಬಸ್ಕಿ

ಮೊದಲು ಏನಾಯಿತು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಮಲದಲ್ಲಿ ರಕ್ತ ಎಂದು ಒಬ್ಬರಿಗೆ. ಸುಸ್ತು ಎಂದು ಇನ್ನೊಬ್ಬರಿಗೆ. ಶಾಲೆಯ ಮೈದಾನದಲ್ಲಿ ಸೀಟಿ ಊದಲು ಉಸಿರು ಸಾಲಲಿಲ್ಲ ಎಂಬುದನ್ನು ಆಮೇಲೆ ನಾನೇ ಕಟ್ಟಿಕೊಂಡಿರಬಹುದು. ಪಿ.ಟಿ. ಟೀಚರ್‌ಗೆ ಒಪ್ಪುವ ಲಕ್ಷಣ ಅದು.

ಕೊಲೊನೊಸ್ಕೋಪಿ, ಬಯಾಪ್ಸಿ, ಸ್ಕ್ಯಾನ್.

ದೊಡ್ಡ ಕರುಳಿನ ಕ್ಯಾನ್ಸರ್.

ಕಲಬುರಗಿಯಲ್ಲೇ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಹೊರಬಂದಿದೆ, ಇನ್ನು ಕೀಮೋ ಎಂದರು. ಅದೇ ಊರಿನ ಗಾಜಿಪುರದ ಮನೆಯಲ್ಲಿ ನಾನು ಒಬ್ಬಳೇ. ಅವ್ವ ಡಿಸ್ಚಾರ್ಜ್ ದಿನವೇ ತನ್ನೂರು ಕಮಲಾಪುರಕ್ಕೆ ಕರೆದೊಯ್ದಳು.

"ಹೊಟ್ಟಿ ಕೊಯ್ದಾರ. ಬಾಣಂತಿಗೂ ಕೊಯ್ತಾರ. ಎರಡಕ್ಕೂ ಒಂದೇ ಪಥ್ಯ," ಎಂದಳು.

ಹೀಗೆ ನಲವತ್ತಾರನೇ ವಯಸ್ಸಿನಲ್ಲಿ, ಕೂಸಿಲ್ಲದೆ, ನನಗೆ ಬಾಣಂತನ ನಡೆಯಿತು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಹೊಟ್ಟೆಗೆ ಹಳೆ ಸೀರೆಯ ಬಿಗಿ. ಮೆತ್ತನೆ ಅನ್ನ, ತುಪ್ಪ. ಬೇಳೆ ವಾಯು, ಮೊಸರು ಥಂಡಿ. ಮೂರು ವಾರ ಮಂಚ ಇಳಿದದ್ದು ಬಚ್ಚಲಿಗೆ ಮಾತ್ರ, ಅದೂ ಅವ್ವನ ಹೆಗಲು ಹಿಡಿದು. ನೋಡಲು ಬಂದ ಒಬ್ಬಾಕೆ ಅಭ್ಯಾಸಬಲದಿಂದ ತೊಟ್ಟಿಲಿಗಾಗಿ ಕಣ್ಣಾಡಿಸಿದ್ದನ್ನು ನೋಡಿದೆ. ನೋಡಿದೆ ಎಂದುಕೊಂಡಿದ್ದೇನೆ.

ದಿನಾ ನಡೆಯಬೇಕು ಎಂದು ಡಿಸ್ಚಾರ್ಜ್ ಹಾಳೆಯಲ್ಲಿತ್ತು. ಅವ್ವನಿಗೆ ಓದಲು ಬರುವುದಿಲ್ಲ. ನನಗೆ ಬರುತ್ತದೆ. ತಪ್ಪೆಲ್ಲ ಅವಳದು ಎಂದು ಬರೆದರೆ ಕಥೆ ಚೊಕ್ಕಟವಾಗುತ್ತದೆ. ಆದರೆ ಮಲಗಿರುವುದು ನನಗೂ ಹಿತವಾಗಿತ್ತು.

ಚೆಕಪ್‌ಗೆ ಹೋದಾಗ ಡಾಕ್ಟರ್ ಹೊಲಿಗೆ ನೋಡಿ ಒಪ್ಪಿದರು. ಆಮೇಲೆ, "ಕೈ ಊರದೇ ಕುರ್ಚಿಯಿಂದ ಏಳ್ರಿ. ಐದು ಸಲ," ಎಂದರು.

ಒಂದು ಸಲವೂ ಏಳಲಾಗಲಿಲ್ಲ.

ಇಪ್ಪತ್ತು ವರ್ಷ ಮಕ್ಕಳಿಗೆ ಬಸ್ಕಿ ಹೊಡೆಸಿದವಳು ನಾನು. ತೊಡೆ ಮುಟ್ಟಿ ನೋಡಿಕೊಂಡೆ. ಚರ್ಮವಿತ್ತು, ಮೂಳೆಯಿತ್ತು, ನಡುವಿನದು ಹೋಗಿತ್ತು. ಗಡ್ಡೆ ತೆಗೆದದ್ದು ಅವರು. ಇದನ್ನು ಕಳೆದದ್ದು ನಾವು, ತುಪ್ಪ ಅನ್ನ ತಿಂದು.

"ಮಸಲ್ ಲಾಸ್. ಹಿಂಗಿದ್ರ ಕೀಮೋ ತಡಕೊಳ್ಳಾಂಗಿಲ್ರಿ. ಎರಡು ವಾರ ಟೈಮ್ ಅದ. ಬ್ಯಾಳಿ, ಮೊಸರು ತಿನ್ರಿ, ನಡೀರಿ, ಎದ್ದು ಕುಂದರ್ರಿ. ಆಗ್ಲಿಲ್ಲಂದ್ರ ಡೋಸ್ ಇಳಸಬೇಕಾಗ್ತದ."

ಇಳಿಸಲು ಬಿಡುವುದಿಲ್ಲ ಎಂದುಕೊಂಡೆ. ಮನೆಗೆ ಬಂದು ಹೊಟ್ಟೆಗೆ ಸುತ್ತಿದ್ದ ಸೀರೆ ಬಿಚ್ಚಿ ಎಸೆದೆ.

"ಅವ್ವಾ, ಬಾಣಂತನ ಮುಗೀತು. ಬ್ಯಾಳಿ ಬೇಯಿಸು."

"ಹೊಲಿಗಿ ಬಿಚ್ಚತದ."

"ಡಾಕ್ಟರ್ ನೋಡ್ಯಾರ. ಬಿಚ್ಚಂಗಿಲ್ಲ."

"ಅಂವಗೇನು ಗೊತ್ತು? ಹಡದಾನೇನು?"

"ನಾನರ ಹಡದೀನೇನು?"

ಅವ್ವ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹೋಗಿ ಹೆಸರುಬೇಳೆ ಒಲೆಗಿಟ್ಟಳು.

ಅಂಗಳದಲ್ಲಿ ಕುರ್ಚಿ ಹಾಕಿಸಿದೆ. ಎರಡು ದಿಂಬಿನ ಮೇಲೆ ಕುಳಿತು ಒಂದು ಸಲ ಎದ್ದೆ. ನಾಲ್ಕನೇ ದಿನ ಒಂದು ದಿಂಬು, ಎರಡು ಸಲ. ನಡುವೆ ಎರಡು ದಿನ ಭೇದಿ, ವ್ಯಾಯಾಮ ಏನೂ ಇಲ್ಲ. ಓಣಿಯ ಕೊನೆಯವರೆಗೆ ನಡೆದು, ವಾಪಸ್ ಬರಲಾಗದೆ ಯಾರದೋ ಕಟ್ಟೆಯ ಮೇಲೆ ಕುಳಿತದ್ದೂ ಇದೆ. ಯಾವ ದಿನ, ನೆನಪಿಲ್ಲ. ದಿನಗಳು ಸಾಲಾಗಿ ನಿಲ್ಲುವುದಿಲ್ಲ, ಮೈದಾನದಲ್ಲಿ ನನ್ನ ಮಕ್ಕಳು ನಿಲ್ಲುವ ಹಾಗೆ.

ನಾಳೆ ಡಾಕ್ಟರ್ ಹತ್ತಿರ ಹೋಗಬೇಕು. ಇವತ್ತು ಬೆಳಿಗ್ಗೆ ದಿಂಬಿಲ್ಲದೆ ಕುಳಿತೆ. ಅವ್ವ ಎದುರಿಗೆ ನಿಂತು ಬೆರಳು ಮಡಚಿದಳು. ನಾಲ್ಕನೆಯದಕ್ಕೆ ನನ್ನ ಕೈ ಅವಳ ಸೆರಗು ಹಿಡಿಯಿತು. ಐದನೆಯದು ಹೇಗೋ ಆಯಿತು.

"ಐದು ಆತು," ಎಂದಳು.

"ನಾಕು. ಒಂದು ಅರ್ಧ."

"ಯಾರು ನೋಡ್ಯಾರ? ಆತು ಅನ್ನು."

ಅರ್ಧ ಬಸ್ಕಿಯನ್ನು ಮೈದಾನದಲ್ಲಿ ನಾನೆಂದೂ ಒಪ್ಪಿದವಳಲ್ಲ. ಅಳುವ ಮಕ್ಕಳಿಗೂ ಬಿಟ್ಟವಳಲ್ಲ. ಅದಕ್ಕೀಗ ನಾಚಿಕೆಯಿದೆ. ಆದರೂ.

"ಸರದು ನಿಲ್ಲವ್ವ," ಎಂದು ಮತ್ತೆ ಕುಳಿತೆ. ಕೈಗಳನ್ನು ಎದೆಗೆ ಕಟ್ಟಿದೆ. ತೊಡೆ ನಡುಗಿತು. ನಡುಗುತ್ತಲೇ ಎದ್ದೆ. ನಡುಗುವುದಕ್ಕೆ ಈಗ ಅಲ್ಲಿ ಏನೋ ಇದೆ.