ಗಾಜಿನಾಚೆಯ ಮಂಗಟ್ಟೆ

ಮ್ಯೂಸಿಯಂನಲ್ಲಿ ಅವಳನ್ನು ಎಲ್ಲರೂ ಧೂಳಕ್ಕ ಎಂದೇ ಕರೆಯುತ್ತಾರೆ. ಗಾಜಿನ ಪೆಟ್ಟಿಗೆಗಳ ಬೀಗ ತೆಗೆದು, ಒಳಗೆ ಹುಲ್ಲು ತುಂಬಿ ನಿಲ್ಲಿಸಿದ ಸತ್ತ ಪ್ರಾಣಿಗಳ ಮೈಮೇಲಿನ ಧೂಳನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆಯುವುದು ಅವಳ ಕೆಲಸ. ಎಡಗಡೆಯಿಂದ ಶುರುಮಾಡಿದರೆ ಒಂದು ಕೋಣೆ ಮುಗಿಯದೆ ಇನ್ನೊಂದಕ್ಕೆ ಕಾಲಿಡುವುದಿಲ್ಲ. ಹುಲಿಗೆ ಹೆದರಿದವಳಲ್ಲ, ಅದರ ಮೀಸೆ ಉದುರೀತೆಂದಷ್ಟೇ ಅವಳ ಹೆದರಿಕೆ.

ಆ ಪೆಟ್ಟಿಗೆಗಳ ಸಾಲಿನಲ್ಲೊಂದು ಮಂಗಟ್ಟೆ ಹಕ್ಕಿ ಇದೆ. ದೊಡ್ಡ ಕೊಕ್ಕು, ಅದರ ಮೇಲೊಂದು ಹಳದಿ ಮುಕುಟ. ಹಾರುವಾಗ ಅದರ ರೆಕ್ಕೆಯ ಸದ್ದು ದೂರದ ರೈಲಿನಂತೆ ಕೇಳುತ್ತದೆ ಎಂದು ಪಕ್ಕದ ಫಲಕ ಹೇಳುತ್ತದೆ. ಇಷ್ಟು ವರ್ಷ ಸೇವೆ ಮಾಡಿದರೂ ಆ ಸದ್ದೊಂದು ಅವಳ ಕಿವಿಗೆ ಬಿದ್ದಿಲ್ಲ. ಈಗ ಚಾವಣಿ ರಿಪೇರಿಗೆಂದು ಮ್ಯೂಸಿಯಂಗೆ ಒಂದು ವಾರ ಬೀಗ. ಇಂಥ ರಜೆ ಮತ್ತೆ ಸಿಗುವುದು ಅನುಮಾನ. ಮಂಗಟ್ಟೆ ಇರುವ ದ್ವೀಪಕ್ಕೆ ಹೋಗಿಯೇ ತೀರುವುದೆಂದು ಅವಳು ಹಟ ಹಿಡಿದಳು. ಜೊತೆಗೆ ಹೊರಟವಳು ಹೊಲಿಗೆ ಕೆಲಸ ಮಾಡುವ ನಾದಿನಿ. ಅವಳಿಗೆ ಹಕ್ಕಿಯ ಹುಚ್ಚಿಲ್ಲ. ಅಲ್ಲಿನ ಮಗ್ಗದ ಕೇರಿಯಲ್ಲಿ ನೇಯುವವರ ಜೊತೆ ಕೂತು ಹರಟುವ ಆಸೆ.

ಧೂಳಕ್ಕ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ, ಪ್ರವಾಸವನ್ನೂ ತನ್ನ ಕೆಲಸದಂತೆಯೇ ಜೋಡಿಸಿದಳು. ಮೊದಲ ಬೆಳಿಗ್ಗೆ ಮಂಗಟ್ಟೆ, ಊಟಕ್ಕೆ ಮುಂಚೆ ಕೋತಿ, ಆಮೇಲೆ ಆಮೆ. ಪ್ರಾಣಿಗಳೆಲ್ಲ ಮುಗಿದ ಮೇಲೆ ಮಗ್ಗ, ಮುಖವಾಡದ ಕುಣಿತ. ನೋಡಿಯಾದ ಪ್ರಾಣಿಯತ್ತ ಮತ್ತೆ ತಿರುಗುವ ಮಾತಿಲ್ಲ.

ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ದ್ವೀಪದ ಗೈಡ್, ಮಂಗಟ್ಟೆಗಳು ಈಗ ಗೂಡು ಹಿಡಿದಿವೆ ಎಂದ. ಹೆಣ್ಣು ಮರದ ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕೂತಿರುತ್ತದೆ, ಗಂಡು ತನಗೆ ತೋಚಿದಾಗ ಹಣ್ಣು ತಂದುಕೊಡುತ್ತದೆ. ಬೆಳಿಗ್ಗೆಯೆಲ್ಲ ದೂರದ ಮರೆಯಲ್ಲಿ ಕಾಯಬೇಕು, ಕಂಡರೆ ಕಂಡಿತು. ಹಿಂದೆ ಬಂದವರು ಹಕ್ಕಿ ಕಾಣಲಿಲ್ಲವೆಂದು ಅವನ ಮೇಲೆ ಹರಿಹಾಯ್ದಿದ್ದರಂತೆ.

"ಕಾಣದಿದ್ರೆ ಬೈಯಲ್ಲ ಅಂದ್ರೆ ಮಾತ್ರ ನಿಮಗೆ ದೋಣಿ ಇಡ್ತೀನಮ್ಮ. ಸಂಜೆಯೊಳಗೆ ಹೇಳಿ, ಬೇರೆಯವರೂ ಕೇಳ್ತಿದಾರೆ."

ಫೋನಿಟ್ಟ ಧೂಳಕ್ಕನ ಮುಖ ಬಾಡಿತು. ಸಿಕ್ಕಿದ ಒಂದೇ ರಜೆಯನ್ನು ಬರಿಯ ಮರ ನೋಡುತ್ತ ಕಳೆದು ಬಂದರೆ? ಹೋಗದಿರುವುದೇ ವಾಸಿಯೇನೋ ಎಂದು ಗೊಣಗಿದಳು. ನಾದಿನಿ ಸೂಜಿಗೆ ದಾರ ಪೋಣಿಸುತ್ತಲೇ ಮಾತು ತೆಗೆದಳು.

"ಅತ್ತಿಗೆ, ನಿಮ್ಮ ಪೆಟ್ಟಿಗೆ ಹಕ್ಕಿ ಒಂದ್ಸಲನಾದ್ರೂ ರೆಕ್ಕೆ ಆಡಿಸಿದ್ಯಾ?"

"ಅದು ಸತ್ತಿದೆಯಲ್ಲೇ."

"ಸತ್ತಿದ್ದರ ಮುಂದೆ ದಿನಾ ಹೋಗಿ ನಿಲ್ತೀರಿ. ಬದುಕಿರೋದಕ್ಕೆ ನಾಲ್ಕು ದಿನ ಬೆಳಿಗ್ಗೆ ಕಾಯೋಕಾಗಲ್ವಾ? ಮಧ್ಯಾಹ್ನ ನನಗೆ ಬಿಡಿ, ಮಗ್ಗದ ಕೇರಿಗೆ ಹೋಗೋಣ."

ಧೂಳಕ್ಕನಿಗೆ ನಗು ತಡೆಯಲಾಗಲಿಲ್ಲ. ಕೋತಿ, ಆಮೆ, ಕುಣಿತ ಮೂರಕ್ಕೂ ಅಡ್ಡಗೀಟು ಎಳೆದು, ಮತ್ತೆ ಫೋನ್ ಮಾಡಿದಳು.

"ಕಾಣದಿದ್ರೂ ಬೈಯಲ್ಲಪ್ಪ. ದೋಣಿ ಇಟ್ಟಿರು. ಬರುವಾಗ ಏನು ತರಬೇಕು?"

ಹಕ್ಕಿ ಬರುವುದು ಅದರ ಇಷ್ಟ, ಸೊಳ್ಳೆ ಮಾತ್ರ ತಪ್ಪದೆ ಬರುತ್ತದೆ, ತುಂಬುತೋಳಿನ ಬಟ್ಟೆ ತನ್ನಿ ಎಂದ ಗೈಡ್.

ನಾದಿನಿ ಆಗಲೇ ಕೊರಳಿನಲ್ಲಿದ್ದ ಅಳತೆಯ ಟೇಪು ಕೈಗೆ ತೆಗೆದುಕೊಂಡಿದ್ದಳು. ಏಳಿ, ಕೈ ಚಾಚಿ ಎಂದಳು. ಧೂಳಕ್ಕ ಎದ್ದು, ಎರಡೂ ಕೈಗಳನ್ನು ಅಗಲವಾಗಿ ಚಾಚಿ ನಿಂತಳು.