ಕಿಸೆಯಲ್ಲಿ ಉಳಿದ ಫ್ಯೂಸು

ಇವತ್ತು ಬೆಳಿಗ್ಗೆ ಬಟ್ಟೆ ಒಗೆಯಲು ಕೂತ ನನ್ನ ಹೆಂಡತಿ ಅಂಗಿಯ ಕಿಸೆ ತಡವಿ, ಗ್ರೀಸ್ ವಾಸನೆಯ ಪಿಂಗಾಣಿ ಫ್ಯೂಸೊಂದನ್ನು ತೆಗೆದು ನನ್ನ ಚಹಾ ಕಪ್ಪಿನ ಪಕ್ಕ ಇಟ್ಟಳು. "ಪಂಪ್‌ಹೌಸ್ ಮನೀಗೇ ತಂದೀರೇನ್ರಿ?" ಎಂದಳು. ನಗಲೂ ಬೇಸರವಾಗುವಷ್ಟು ದಣಿದಿದ್ದೆ. ನಿನ್ನೆ ಇಡೀ ದಿನ ಚೆಕ್‌ವಾಲ್ವ್ ಬದಲಿಸಿ ಬಂದಿದ್ದೆ.

ನಿಮಗೆ ಈ ಚೆಕ್‌ವಾಲ್ವಿನ ಪರಿಚಯ ಇರಲಿಕ್ಕಿಲ್ಲ. ನಲ್ಲಿ ತಿರುಗಿಸುವವರಿಗೆ ಅದರ ಗೊಡವೆ ಯಾಕೆ? ಕರೆಂಟು ಹೋದಾಗ ಮೇಲೆತ್ತಿದ ನೀರು ಹಿಂದಕ್ಕೆ ನುಗ್ಗದಂತೆ ಪೈಪಿನೊಳಗೆ ಮುಚ್ಚಿಕೊಳ್ಳುವ ಕಬ್ಬಿಣದ ಬಾಗಿಲು ಅದು. ಸವೆದರೆ ತುಕ್ಕು ಹಿಡಿದ ಬೋಲ್ಟುಗಳೊಡನೆ ಗುದ್ದಾಡಿ ಇಳಿಸಬೇಕು, ಹೊಸದನ್ನು ಏರಿಸಬೇಕು. ಅಫಜಲಪುರದ ಕಡೆ ಭೀಮಾ ದಂಡೆಯ ಪಂಪ್‌ಹೌಸಿನಲ್ಲಿ ನನ್ನ ಬೆನ್ನು ಬಾಗಿದ್ದು ಹೀಗೆ. ಮನೆಯವರು ವಯಸ್ಸು ಅನ್ನುತ್ತಾರೆ.

ಮೊದಲೆಲ್ಲ ಜೊತೆಗೆ ಮಟಕಿ ಊರಿನ ಶಾಂತಪ್ಪ ಇರುತ್ತಿದ್ದ. ಪೈಪಿನೊಳಗೆ ಭುಜದ ತನಕ ಕೈ ಹಾಕುವ ಕೆಲಸ ಅವನದು. ಅದಕ್ಕೆ ಮೊದಲು ಸ್ಟಾರ್ಟರಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಅದಿಲ್ಲದೆ ಯಾರು ಗುಂಡಿ ಒತ್ತಿದರೂ ಪಂಪು ತಿರುಗದು. "ಕೈ ನಂದು ಅದ. ಫ್ಯೂಸೂ ನನ್ನ ಕಿಸೆದಾಗೇ ಇರ್ಲಿ," ಅನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಅವನೇ ಅದನ್ನು ನನ್ನ ಅಂಗೈಗೆ ಇಡಬೇಕು.

ಒಂದು ಸಲ ನಾನು ಚಹಾ ಕುಡಿದು ಬರುವಷ್ಟರಲ್ಲಿ ಅವನೂ ಇಲ್ಲ, ಫ್ಯೂಸೂ ಇಲ್ಲ. ಅವನ ಫೋನ್ ಬಂದ್. ಊರಿಗೆ ನೀರು ಬೇಕು. "ಮನೀಗ್ ಹೋಗಿರಬೇಕ್ರಿ, ಬ್ಯಾರೆ ಫ್ಯೂಸ್ ಹಾಕ್ರಿ," ಎಂದು ಎಲ್ಲರೂ ಗಂಟು ಬಿದ್ದರು. ವಾಲ್ವಿನ ಮುಚ್ಚಳ ಬಿಗಿದಾಗಿತ್ತು, ಒಳಗೆ ಅವನ ಕೈ ಇರಲಾರದೆಂದು ನನಗೂ ಗೊತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಬೈಸಿಕೊಳ್ಳುತ್ತ ಮೋಟಾರ್ ಸೈಕಲ್ ಹತ್ತಿ ಮಟಕಿಗೆ ಹೋದೆ. ಶಾಂತಪ್ಪ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಫ್ಯೂಸ್ ಕೇಳಿದೆ.

"ಇಷ್ಟಕ್ಕ ಇಲ್ಲೀತನಕ ಬಂದೀಯೇನಲೇ? ಬ್ಯಾರೆ ಹಾಕಬೇಕಿತ್ತಿಲ್ಲೋ?"

"ನೀ ಒಳಗಿದ್ರ?"

ಅವನು ಕಿಸೆಗೆ ಕೈ ಹಾಕಿದ. ಫ್ಯೂಸ್ ತೆಗೆದು ನನ್ನ ಅಂಗೈಗಿಟ್ಟು, ಸ್ವಲ್ಪ ಹೊತ್ತು ಕೈ ಹಿಡಿದುಕೊಂಡೇ ಕೂತ.

ಭುಜ ಸೋತು ಅವನು ಕೆಲಸ ಬಿಟ್ಟ ಮೇಲೆ ಕೈ ಹಾಕುವವನೂ ನಾನೇ, ಫ್ಯೂಸ್ ಇಟ್ಟುಕೊಳ್ಳುವವನೂ ನಾನೇ. ಇವತ್ತು ಅದನ್ನು ಕಂಡೊಡನೆ ಚಹಾ ಅಲ್ಲೇ ಬಿಟ್ಟು ಎದ್ದೆ. ನನ್ನ ಮರೆವಿನಿಂದ ಊರೆಲ್ಲ ನೀರಿಲ್ಲದೆ ಕೂತಿದೆಯೆಂದು ಗಾಬರಿಯಿಂದ ಪಂಪ್‌ಹೌಸಿಗೆ ಫೋನ್ ಮಾಡಿದೆ. ಹೊಸ ಆಪರೇಟರ್ ಎತ್ತಿದ.

"ನಿನ್ನೆ ಸಂಜೀಕೇ ಬ್ಯಾರೆ ಹಾಕಿ ಚಾಲೂ ಮಾಡೀವ್ರಿ. ನೀವು ಆರಾಮ್ ಮಾಡ್ರಿ."

"ನಾ ಹೊರಗ ಬಂದೀನೋ ಇಲ್ಲೋ, ನೋಡಿದ್ರೇನು?"

"ಮನೀಗ್ ಹೋಗಿರಬೇಕು ಅಂತ ತಿಳ್ಕೊಂಡೀವ್ರಿ."

ಬಚ್ಚಲಲ್ಲಿ ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. ಬೇರೆ ಅಂಗಿ ತೊಟ್ಟು, ಫ್ಯೂಸನ್ನು ಕಿಸೆಗೆ ಹಾಕಿಕೊಂಡು ಮಟಕಿಯ ಕಡೆ ಗಾಡಿ ತಿರುಗಿಸಿದೆ. ನಾನು ಹೊರಗೆ ಬಂದಿದ್ದೇನೆ ಎಂದು ಒಬ್ಬನಿಗಾದರೂ ಹೇಳಬೇಕಿತ್ತು.